ಸೊಂಟದ ನೆಟಿಕೆ

ಮಗಳಿಗೆ ಮದುವೆಯಾಗಿ ಆರು ವರ್ಷವಾದ ಮೇಲೆ ಆ ಫೋನು ಬಂತು. ಮಧ್ಯಾಹ್ನದ ಊಟ ಮುಗಿದಿತ್ತು. ಮಾರೇನಹಳ್ಳಿಯ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು, ಎಡಗಾಲನ್ನು ಚಾಚಿ, ಬಲಗಾಲನ್ನು ಪಕ್ಕಕ್ಕೆ ಮಡಿಸಿ, ಯಾರದೋ ಮದುವೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದೆ. ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ ಇದೇ, ನಾನು ಕೂರುವುದೂ ಹೀಗೇ.

"ಅಮ್ಮಾ, ಕೂತಿದೀಯಾ, ನಿಂತಿದೀಯಾ?" ಅಂದಳು ಮಗಳು.

"ಕೂತಿದೀನಿ ಕಣೇ. ಯಾಕೆ?"

"ಹಾಗೇ ಕೂತಿರು. ನೀನು ಅಜ್ಜಿ ಆಗ್ತಾ ಇದೀಯಾ."

ಆ ಮಾತು ಕೇಳಿದ ಮೇಲೆ ಯಾರಾದರೂ ಕೂತಿರುತ್ತಾರೆಯೇ? ದಡಕ್ಕನೆ ಎದ್ದೆ. ಏಳುವಾಗ ಬಲ ಸೊಂಟದ ಪಕ್ಕದಲ್ಲಿ, ಕೈಗೆ ಸಿಗುವ ಆ ಮೂಳೆಯ ಗುಬುಟಿನ ಹತ್ತಿರ, ಲಟಕ್ ಅಂತು.

ಸದ್ದು ನನಗೆ ಹೊಸದಲ್ಲ. ಒಂದು ವರ್ಷದಿಂದ ಬರುತ್ತಿತ್ತು. ಮೆಟ್ಟಿಲು ಹತ್ತುವಾಗ, ನೆಲದಿಂದ ಏಳುವಾಗ, ಒಂದೊಂದು ಸಲ ಸುಮ್ಮನೆ ನಡೆಯುವಾಗಲೂ. ನೋವು ಮಾತ್ರ ಇರಲಿಲ್ಲ. ಅವತ್ತು ಮೊದಲ ಸಲ ಸದ್ದಿನ ಹಿಂದೆಯೇ ನೋವೂ ಬಂತು, ಕಾದ ಸೂಜಿ ಇಟ್ಟ ಹಾಗೆ. ಆ ಸಂತೋಷದಲ್ಲಿ ಅದು ಯಾರಿಗೆ ಬೇಕಿತ್ತು! ಸಕ್ಕರೆ ಡಬ್ಬಿ ಹಿಡಿದುಕೊಂಡು ಬೀದಿಗೆ ಹೊರಟೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ ಎಂದು ಮಗಳು ಕಟ್ಟುನಿಟ್ಟಾಗಿ ಹೇಳಿದ್ದಳು. ನಾನು ಹೇಳಲಿಲ್ಲ. ಸಕ್ಕರೆ ಕೊಟ್ಟೆ, ಯಾಕೆ ಎಂದು ಹೇಳಲಿಲ್ಲ, ಅಷ್ಟೇ. ಏಳು ಮನೆಗೆ ಹಂಚಿ ಬರುವಷ್ಟರಲ್ಲಿ ನಾಲ್ಕು ಸಲ ಲಟಕ್ ಅಂತು.

ನಮ್ಮಲ್ಲಿ ಮೊದಲ ಬಾಣಂತನ ತವರುಮನೆಯದು. ಮಗು ಹುಟ್ಟಿ, ಹೊಕ್ಕುಳು ಬಿದ್ದ ಮೇಲೆ, ಅಜ್ಜಿಯಾದವಳು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು, ಎರಡೂ ಕಾಲು ನೇರ ಚಾಚಿ, ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕಬೇಕು. ಮೊದಲು ಬೆನ್ನ ಮೇಲೆ, ಆಮೇಲೆ ಬೋರಲು. ನನ್ನ ಅಮ್ಮ ನನ್ನ ಮಗಳಿಗೆ ಹೀಗೆ ಮೂರು ತಿಂಗಳು ನೀರು ಹಾಕಿದಳು. ಅವಳ ಕಾಲುಗಳ ನಡುವಿನ ಆ ಹಳ್ಳದಲ್ಲಿ ಮಗಳು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿ ಕಲಿತದ್ದು.

ನಾನು ಓದಿದ್ದು ಐದನೇ ಕ್ಲಾಸು. ಮೊಮ್ಮಗುವಿಗೆ ಪಾಠ ಹೇಳಿಕೊಡುವುದಕ್ಕೆ ನನಗೆ ಬರುವುದಿಲ್ಲ. ಇಂಗ್ಲಿಷ್ ಪದ್ಯ ಬರುವುದಿಲ್ಲ. ಮೊಬೈಲಿನಲ್ಲಿ ಫೋಟೋ ಕಳಿಸುವುದಕ್ಕೂ ಮನೆಯವರನ್ನು ಕೇಳಬೇಕು. ನನಗೆ ಚೆನ್ನಾಗಿ ಬರುವುದು ಒಂದೇ, ಕೂಸಿಗೆ ನೀರು ಹಾಕುವುದು. ಅಕ್ಕಪಕ್ಕದ ಎಷ್ಟೋ ಮನೆಯ ಮಕ್ಕಳಿಗೆ ಹಾಕಿದ್ದೇನೆ. ಆರು ವರ್ಷ ನಾನು ಕಾದದ್ದು ಇದಕ್ಕೆ.

ಈಗ ನನ್ನ ತಪ್ಪನ್ನು ಹೇಳಬೇಕು.

ಮಕ್ಕಳಿಗೆ ದೃಷ್ಟಿಯಾದರೆ ನಮ್ಮ ಕಡೆ ನೆಟಿಕೆ ಮುರಿಯುತ್ತೇವೆ. ಎರಡೂ ಅಂಗೈಯಿಂದ ಮಗುವಿನ ಕೆನ್ನೆ ಸವರಿ, ಬೆರಳುಗಳನ್ನು ನಮ್ಮ ತಲೆಯ ಎರಡೂ ಪಕ್ಕಕ್ಕೆ ಒತ್ತಿದರೆ ಪಟಪಟ ಎನ್ನುತ್ತವೆ. ಎಷ್ಟು ಬೆರಳು ಸದ್ದು ಮಾಡುತ್ತವೋ ಅಷ್ಟು ದೃಷ್ಟಿ ಹೋಯಿತು ಎಂದು ಲೆಕ್ಕ. ಸದ್ದು ಬರದಿದ್ದರೆ ಇನ್ನೊಂದು ಸಲ ಒತ್ತಬೇಕು. ಹುಟ್ಟಿದಾಗಿನಿಂದ ಹೀಗೇ ನೋಡಿಕೊಂಡು ಬಂದವಳಿಗೆ ಲಟಕ್ ಎಂದರೆ ಕೆಟ್ಟದ್ದು ಹೊರಗೆ ಹೋದ ಸದ್ದು ಎಂದೇ ತಲೆಯಲ್ಲಿ ಕೂತಿತ್ತು. ಸೊಂಟ ಲಟಕ್ ಎಂದಾಗ ಒಂದು ಗಳಿಗೆ ಹಗುರ ಆಗುತ್ತಿತ್ತು ಬೇರೆ. ಒಳಗಿನ ಗಂಟು ಬಿಡುತ್ತಿದೆ, ಎಲ್ಲ ಬಿಟ್ಟ ಮೇಲೆ ನೋವು ತಾನೇ ಹೋಗುತ್ತದೆ ಎಂದುಕೊಂಡೆ.

ಅದಕ್ಕೆ ನಾನೇ ಸದ್ದು ಬರಿಸಲು ಶುರು ಮಾಡಿದೆ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಕಟ್ಟೆ ಹಿಡಿದು ನಿಂತು, ಸೊಂಟವನ್ನು ಬಲಕ್ಕೆ ತಳ್ಳಿ, ಕಾಲನ್ನು ಒಳಗೆ ಹೊರಗೆ ತಿರುಗಿಸುವುದು. ಲಟಕ್. ಇನ್ನೊಂದು. ಬೆಳಿಗ್ಗೆ ಇಪ್ಪತ್ತು, ಸಾಯಂಕಾಲ ಇಪ್ಪತ್ತು. ಆಮೇಲೆ ಬಿಸಿ ಎಣ್ಣೆ ಹಾಕಿ ಆ ಗುಬುಟಿನ ಮೇಲೆ ಹೆಬ್ಬೆರಳಿಟ್ಟು ಗಸಗಸ ತಿಕ್ಕುವುದು.

ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದವರು. ಅವರಿಗೆ ಸದ್ದು ಎಂದರೆ ರಿಪೇರಿ.

"ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ಡ್ಯಾನ್ಸು?"

"ನೆಟಿಕೆ ತೆಗೀತಾ ಇದೀನಿ ರೀ."

"ಸದ್ದು ಬರ್ತಾ ಇರೋ ಗಾಡೀನ ಇನ್ನೂ ಕುಲುಕಿದ್ರೆ ಬುಶ್ಶೇ ಕಿತ್ಕೊಂಡ್ ಬರುತ್ತೆ. ಡಾಕ್ಟ್ರಿಗೆ ತೋರ್ಸು."

"ನಾನೇನು ನಿಮ್ ಡಿಪೋ ಬಸ್ಸಾ?"

"ಬಸ್ಸಾಗಿದ್ರೆ ಯಾವಾಗ್ಲೋ ಷೆಡ್ಡಿಗೆ ಹಾಕ್ತಿದ್ದೆ" ಅಂದರು.

ನಾನು ಕೇಳಲಿಲ್ಲ. ಮಗಳ ಹೊಟ್ಟೆ ಮುಂದೆ ಬರುತ್ತಿದ್ದ ಹಾಗೆ ನನ್ನ ನೋವೂ ಮುಂದೆ ಬಂತು. ಐದನೇ ತಿಂಗಳಿಗೆ ಬಲ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಆರನೇ ತಿಂಗಳಿಗೆ ಕುಚ್ಚು ಕಟ್ಟಿ ಎದ್ದರೆ ಗೋಡೆ ಹಿಡಿದು ಹತ್ತು ಎಣಿಸಿ ಆಮೇಲೆ ಹೆಜ್ಜೆ ಇಡಬೇಕಿತ್ತು. ಮಗಳು ಬಂದಾಗ ಮಾತ್ರ ನೆಟ್ಟಗೆ ನಡೆಯುತ್ತಿದ್ದೆ. ನೋವು ತೋರಿಸಿದರೆ ಬಾಣಂತನ ಕೈ ತಪ್ಪುತ್ತದೆ ಎಂಬ ಹೆದರಿಕೆ.

ಏಳನೇ ತಿಂಗಳಲ್ಲಿ ಸೀಮಂತ. ಬೀಗಿತ್ತಿ ಧಾರವಾಡದ ಕಡೆಯವರು, ಅವರು ಅದನ್ನು ಕುಬಸ ಎನ್ನುತ್ತಾರೆ. ಕೆಂಗೇರಿ ಉಪನಗರದ ಅವರ ಮನೆಯಲ್ಲೇ ಇಟ್ಟುಕೊಂಡಿದ್ದರು. ಮಗಳು ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ನನ್ನ ಕಣ್ಣೇ ಬೀಳುತ್ತದೆ ಎಂದು ಎರಡು ಸಲ ಬೇರೆ ಕಡೆ ನೋಡಿದೆ.

ಅವರ ಕಡೆಯ ನೆಂಟರ ಕೂಸೊಂದು, ಹತ್ತು ತಿಂಗಳದ್ದು, ಒಂದೇ ಸಮನೆ ಅಳುತ್ತಿತ್ತು. ನನ್ನ ಕೈ ಸುಮ್ಮನಿರುತ್ತದೆಯೇ? ತಗೊಂಡು ಬಲ ಸೊಂಟದ ಮೇಲೆ ಕೂರಿಸಿಕೊಂಡೆ. ಕೊಡ ಹೊತ್ತದ್ದೂ, ಮಗಳನ್ನು ಎತ್ತಿ ಬೆಳೆಸಿದ್ದೂ ಅದೇ ಸೊಂಟ. ಸೊಂಟವನ್ನು ಪಕ್ಕಕ್ಕೆ ತಳ್ಳಿ ಕೂಸಿಗೆ ಕುರ್ಚಿ ಮಾಡಿಕೊಟ್ಟು, ತೂಗುತ್ತಾ ನಿಂತೆ. ಅಳು ನಿಂತಿತು. ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ಬೀಗಿದೆ. ಫೋಟೋಗೆ ಬನ್ನಿ ಎಂದು ಯಾರೋ ಕರೆದರು. ಹೊಸ್ತಿಲ ಮೇಲೆ ಬಲಗಾಲು ಇಟ್ಟು ತಿರುಗಿದೆ.

ಲಟಕ್.

ಆ ಸಲದ ಸದ್ದು ಪಕ್ಕದಲ್ಲಿದ್ದವರಿಗೂ ಕೇಳಿಸಿತು. ತೊಡೆಯ ಪಕ್ಕದಿಂದ ಮಂಡಿವರೆಗೆ ನೋವು ಸೀಳಿಕೊಂಡು ಇಳಿಯಿತು. ಕಾಲು ನನ್ನದಲ್ಲವೇನೋ ಎನ್ನುವ ಹಾಗೆ ಮಡಚಿಕೊಂಡಿತು. ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ಜಾರಿದೆ. ಕೆಳಗೆ ಕೂತಾಗ ನೋಡಿದರೆ ಕೂಸಿನ ತಲೆಗೂ ಬಾಗಿಲ ಚೌಕಟ್ಟಿನ ಮೂಲೆಗೂ ನಡುವೆ ನಾಲ್ಕು ಬೆರಳು ಜಾಗ.

ಕೂಸು ಅಳಲಿಲ್ಲ. ಉಳಿದವರೆಲ್ಲ ಕೂಗಿದರು. ನಾನು ಮಗಳನ್ನು ನೋಡಿದೆ. ಅವಳು ಕುರ್ಚಿಯಿಂದ ಅರ್ಧ ಎದ್ದು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಆ ಚೌಕಟ್ಟಿನ ಮೂಲೆಯನ್ನೇ ನೋಡುತ್ತಿದ್ದಳು.

ಬೀಗಿತ್ತಿ ಬಂದು ನನ್ನ ಕೈಯಿಂದ ಕೂಸನ್ನು ತಗೊಂಡರು. ನನ್ನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಅಷ್ಟು ಜನರ ಮುಂದೆ ಹೇಳಿದರು:

"ಬೀಗ್ರ, ನೀವೇನೂ ಚಿಂತಿ ಮಾಡಬ್ಯಾಡ್ರಿ. ಬಾಣಂತನ ಇಲ್ಲೇ ನಾವ ಮಾಡ್ತೀವಿ. ನೀವು ಮೊದಲ ನಿಮ್ಮ ಸೊಂಟಾ ನೋಡ್ಕೋರಿ."

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಇನ್ನೂ ಆಳಕ್ಕೆ ಹೋಯಿತು. 'ಇಲ್ಲ ಅತ್ತೆ, ಅಮ್ಮನ ಮನೆಗೇ ಹೋಗ್ತೀನಿ' ಎಂದು ಮಗಳು ಹೇಳುತ್ತಾಳೆ ಎಂದು ಕಾದೆ. ಅವಳು ಕೈಯ ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸುತ್ತಾ ಕೂತಳು.

ಮೆಟ್ರೋದಲ್ಲಿ ವಾಪಸು ಬಂದೆವು. ಇಳಿಯುವಾಗ ಮನೆಯವರು, "ಲಿಫ್ಟಲ್ಲಿ ಹೋಗೋಣ ಬಾ" ಅಂದರು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಸುಮ್ಮನೆ ಹೋದೆ.

ಮಾರನೆಯ ದಿನ ಮಗಳೇ ಫೋನು ಮಾಡಿದಳು.

"ಅಮ್ಮಾ, ಕೋಪ ಮಾಡ್ಕೋಬೇಡ. ಆ ಪಾಪು ತಲೆ ಎಷ್ಟು ಹತ್ರ ಇತ್ತು ಗೊತ್ತಾ? ನಾನು ನೋಡ್ದೆ."

"ನಾನು ಬಿಡಲಿಲ್ವಲ್ಲೇ. ಹಿಡ್ಕೊಂಡಿದ್ನಲ್ಲ."

"ಒಂದು ಸಲ ಹಿಡ್ಕೊಂಡೆ. ಬಚ್ಚಲಲ್ಲಿ, ಸೋಪಿನ ನೀರಲ್ಲಿ ಕಾಲು ಹೀಗೇ ಹೋದ್ರೆ? ಎಷ್ಟು ದಿನದಿಂದ ಇದೆ ಅಮ್ಮಾ ಇದು? ನನ್ ಹತ್ರ ಯಾಕೆ ಮುಚ್ಚಿಟ್ಟೆ?"

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ.

"ಹೋಗಿ ತೋರಿಸ್ಕೋ. ಕಾಲು ನಿಲ್ಲುತ್ತೆ ಅಂತ ಅವರು ಹೇಳ್ಲಿ, ನಾನು ನಿನ್ನ ಹತ್ರಾನೇ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ಹೆರಿಗೆಗೆ ಹತ್ತು ವಾರ ಇತ್ತು.

ರಾಜಾಜಿನಗರದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಅವರು ಕಾಲು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಸದ್ದು ಬರುವ ಜಾಗಕ್ಕೆ ಬೆರಳಿಟ್ಟರು. ಎಕ್ಸ್‌ರೇ ತೆಗೆಸಿದರು. ಮೂಳೆ ಚೆನ್ನಾಗಿದೆ, ಸವೆದಿಲ್ಲ ಅಂದರು. ಸೊಂಟದಿಂದ ಮಂಡಿಯವರೆಗೆ ತೊಡೆಯ ಹೊರಗಡೆ ಒಂದು ಗಟ್ಟಿ ಪಟ್ಟಿ ಇರುತ್ತದಂತೆ. ನನ್ನದು ಬಿಗಿಯಾಗಿ, ಮೂಳೆಯ ಗುಬುಟನ್ನು ದಾಟುವಾಗೆಲ್ಲ ಹಾರಿ ಬೀಳುತ್ತಿದೆ, ಆ ಸದ್ದೇ ಅದು. ಹಾರಿ ಹಾರಿ ಕೆಳಗಿರುವ ಸಣ್ಣ ನೀರಿನ ಚೀಲ ಊದಿಕೊಂಡಿದೆ, ನೋವು ಅದರದು.

"ಆಪರೇಷನ್ನಾ ಸಾರ್?" ಅಂದರು ಮನೆಯವರು.

"ಈಗ ಆ ಮಾತೇ ಬೇಡ. ಕೆಲವು ದಿನ ಮಾತ್ರೆ, ಐಸು, ಮುಖ್ಯವಾಗಿ ಫಿಸಿಯೋ. ಬಹಳ ಜನಕ್ಕೆ ಅಷ್ಟರಲ್ಲೇ ಕಡಿಮೆ ಆಗುತ್ತೆ."

ಮನೆಯವರು ಹೊರಗೆ ಬಂದು, "ಬುಶ್ ಹೋಗಿಲ್ಲ, ಬೆಲ್ಟ್ ಉಜ್ತಾ ಇದೆ" ಎಂದು ತಮ್ಮ ಭಾಷೆಯಲ್ಲಿ ಹೇಳಿಕೊಂಡರು.

ಫಿಸಿಯೋ ಬಸವೇಶ್ವರನಗರದಲ್ಲಿ. ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ಪೆನ್ನು ಹಿಡಿದು ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದಳು.

"ದಿನಕ್ಕೆ ಎಷ್ಟು ಸಲ ಸದ್ದು ಬರುತ್ತೆ ಅಮ್ಮ?"

"ತಾನಾಗಿ ಬರೋದು ಹತ್ತೋ ಹದಿನೈದೋ. ನಾನು ಬರಿಸೋದು ನಲವತ್ತು" ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆ, ಒಂದು ದಿನವೂ ತಪ್ಪಿಸಿರಲಿಲ್ಲವಲ್ಲ.

ಅವಳು ಪೆನ್ನು ಕೆಳಗಿಟ್ಟಳು. "ನೀವು ಬರಿಸೋದಾ?"

ಅಡುಗೆಕಟ್ಟೆ, ನೆಟಿಕೆ, ಗಂಟು, ಎಣ್ಣೆ ಎಲ್ಲ ಹೇಳಿದೆ. ಅವಳು ನಗಲಿಲ್ಲ. ಅದು ನನಗೆ ಹಿಡಿಸಿತು.

"ನೀವು ಏನು ಕೆಲಸ ಮಾಡ್ತೀರಾ?"

"ಸೆರಗಿಗೆ ಕುಚ್ಚು ಕಟ್ತೀನಿ."

"ಹಾಗಾದ್ರೆ ನಿಮಗೇ ಗೊತ್ತಿರುತ್ತೆ. ರೇಷ್ಮೆ ದಾರಾನ ಮೇಜಿನ ಅಂಚಿಗೆ ದಿನಾ ನಲವತ್ತು ಸಲ ಎಳೆದ್ರೆ ಏನಾಗುತ್ತೆ?"

"ಜುಂಗು ಏಳುತ್ತೆ."

"ಇಷ್ಟು ತಿಂಗಳು ನೀವು ಮಾಡಿರೋದು ಅದೇ ಅಮ್ಮ. ಅದು ಗಂಟು ಬಿಡೋ ಸದ್ದಲ್ಲ, ಉಜ್ಜೋ ಸದ್ದು."

ನನಗೆ ಕೂತ ಜಾಗದಲ್ಲೇ ತಲೆ ತಗ್ಗಿತು. ನೋವು ಬಂದು ನನ್ನನ್ನು ಹಿಡಿದದ್ದಲ್ಲ, ನಾನೇ ಬೆಳಿಗ್ಗೆ ಸಾಯಂಕಾಲ ಅದನ್ನು ಕರೆದು ಕೂರಿಸಿದ್ದು. ಆ ಕೂಸಿನ ತಲೆ ಚೌಕಟ್ಟಿನ ಹತ್ತಿರ ಹೋದದ್ದೂ ನನ್ನ ಕೈಯಾರೆ.

ಅವಳು ಹೇಳಿದ ನಿಯಮ ಇಷ್ಟು. ಬೇಕೆಂದು ಸದ್ದು ಬರಿಸಕೂಡದು. ನೆಲದ ಮೇಲೆ ಕಾಲು ಮಡಿಸಿ ಕೂರಕೂಡದು. ಆ ಗುಬುಟನ್ನು ತಿಕ್ಕಕೂಡದು. ಎಡ ಮಗ್ಗುಲಿಗೆ ಮಲಗಿ ಮಂಡಿಗಳ ನಡುವೆ ದಿಂಬು ಇಡಬೇಕು. ಐಸನ್ನು ಬಟ್ಟೆಯಲ್ಲಿ ಸುತ್ತಿ ಇಡಬೇಕು. ಸೊಂಟವನ್ನು ಒಂದು ಕಡೆ ತಳ್ಳಿ ನಿಲ್ಲಕೂಡದು, ಎರಡೂ ಕಾಲಿನ ಮೇಲೆ ಸಮವಾಗಿ ನಿಲ್ಲಬೇಕು. ಆಮೇಲೆ ದಿನಾ ವ್ಯಾಯಾಮ.

ನನಗೆ ಬೇಕಾದ್ದು ಬೇರೆ. "ಮಗು ಎತ್ತಿಕೊಳ್ಳಬಹುದಾ?"

"ಎದೆಗೆ ಒರಗಿಸಿಕೊಂಡು. ಸೊಂಟದ ಮೇಲೆ ಕೂರಿಸ್ಕೊಂಡು ಅಲ್ಲ."

"ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕೋದು?"

"ನೋಡೋಣ."

"ಹತ್ತು ವಾರ ಸಾಕಾಗುತ್ತಾ?"

"ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ್ರೆ ಸಾಕಾಗಬಹುದು. ಆದ್ರೆ ಮಾತು ಕೊಡಲ್ಲ ಅಮ್ಮ."

ವ್ಯಾಯಾಮ ಕಷ್ಟವಾಗಲಿಲ್ಲ. ಎಡ ಮಗ್ಗುಲಿಗೆ ಮಲಗಿ ಮಂಡಿ ಮಡಿಸಿ, ಹಿಮ್ಮಡಿ ಎರಡನ್ನೂ ಜೋಡಿಸಿಟ್ಟು, ಮೇಲಿನ ಮಂಡಿಯನ್ನು ನಿಧಾನಕ್ಕೆ ತೆರೆಯುವುದು. ಮಲಗಿ ಸೊಂಟ ಮೇಲೆತ್ತುವುದು. ಗೋಡೆಗೆ ಬೆರಳು ಮುಟ್ಟಿಸಿ ಒಂಟಿ ಕಾಲಲ್ಲಿ ನಿಲ್ಲುವುದು, ಆಗ ಸೊಂಟ ಒಂದು ಕಡೆ ಜಾರಬಾರದು. ಎಲ್ಲ ಮಾಡಿದೆ. ಕಷ್ಟವಾದದ್ದು ಸುಮ್ಮನಿರುವುದು. ಬೆಳಿಗ್ಗೆ ಅಡುಗೆಕಟ್ಟೆಯ ಮುಂದೆ ನಿಂತರೆ ಸೊಂಟ ತಾನಾಗಿ ಬಲಕ್ಕೆ ಹೋಗುತ್ತಿತ್ತು. ಒಳಗೆ ಬಿಗಿಯುತ್ತಿತ್ತು, ಒಂದೇ ಒಂದು ಸಲ, ಒಂದೇ ಒಂದು ಲಟಕ್ ಎಂದು ಕೇಳುತ್ತಿತ್ತು. ಸೊಳ್ಳೆ ಕಚ್ಚಿದ ಜಾಗವನ್ನು ಕೆರೆಯದೆ ಬಿಡುವುದಕ್ಕಿಂತ ಹೆಚ್ಚಿನ ಹಿಂಸೆ ಅದು.

ಹನ್ನೊಂದು ದಿನ ತಡೆದೆ. ಹನ್ನೆರಡನೇ ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿ, ಕಾಲು ತಿರುಗಿಸಿದೆ. ಕದ್ದು ತಿಂದ ಹಾಗೆ ಅನ್ನಿಸಿತು. ಅದರ ಹಿಂದೆಯೇ ಬಂದ ನೋವಿಗೆ ಬಕೆಟ್ಟಿನ ಅಂಚು ಹಿಡಿದು ಕೂತುಬಿಟ್ಟೆ.

ಹೊರಗಿನಿಂದ ಮನೆಯವರು, "ನಲ್ಲಿ ನಿಲ್ಸು. ಕೇಳಿಸ್ತು" ಅಂದರು.

ಬಾಗಿಲು ತೆಗೆದು ಹೊರಗೆ ಬಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.

"ನಿಂಗೆ ಆ ಸದ್ದು ಬೇಕಾ, ಮೊಮ್ಮಗು ಬೇಕಾ? ಇವತ್ತೇ ಹೇಳ್ಬಿಡು" ಎಂದರು. ಅಷ್ಟೇ. ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಮೂರು ದಿನ ವ್ಯಾಯಾಮವೂ ಆಗಲಿಲ್ಲ, ನಡೆಯಲೂ ಆಗಲಿಲ್ಲ. ಹತ್ತು ವಾರದಲ್ಲಿ ಮೂರು ದಿನ ನಾನೇ ಸುಟ್ಟುಕೊಂಡೆ. ಮತ್ತೆ ಆ ಕೆಲಸ ಮಾಡಲಿಲ್ಲ.

ಅವರು ಹೊರಗೆ ಹೋದದ್ದು ಹಲಗೆ ತರಲು. ಹಳೆಯ ಮೇಜಿಗೆ ಹಲಗೆ ಕೂರಿಸಿ, ಸೆರಗನ್ನು ಬಿಗಿಯಾಗಿ ಹಿಡಿಯಲು ಎರಡು ಕ್ಲಾಂಪು ಹಾಕಿಕೊಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತು ಕುಚ್ಚು ಕಟ್ಟಿದೆ. ಮೊದಲ ನಾಲ್ಕು ಸೀರೆಯ ಕುಚ್ಚು ಸೊಟ್ಟಗಾಯಿತು, ಬಿಚ್ಚಿ ಮತ್ತೆ ಕಟ್ಟಿದೆ. ಐದನೆಯದಕ್ಕೆ ಕೈ ಕೂತಿತು.

ಆರನೇ ವಾರಕ್ಕೆ ಮಲಗಿ ಏಳುವಾಗಿನ ನೋವು ಹೋಯಿತು. ಸದ್ದು ದಿನಕ್ಕೆ ಎರಡೋ ಮೂರೋ. ಆಗ ಫಿಸಿಯೋ ಹುಡುಗಿ, "ನಾಳೆ ಬರುವಾಗ ಮೂರು ಕೆಜಿ ತೂಕದ್ದು ಏನಾದ್ರೂ ತನ್ನಿ" ಅಂದಳು. ರಾಗಿಹಿಟ್ಟನ್ನು ಚೀಲಕ್ಕೆ ತುಂಬಿ, ಟವೆಲ್ಲಿನಲ್ಲಿ ಸುತ್ತಿ, ಎದೆಗೊರಗಿಸಿಕೊಂಡು ಆಟೋದಲ್ಲಿ ಹೋದೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಪಾಪು ಮಲಗಿದ್ಯಾ ಅಮ್ಮ? ರೋಡ್ ಹಂಪಲ್ಲಿ ನಿಧಾನಕ್ಕೆ ಹೋಗ್ತೀನಿ" ಅಂದ. ನಾನು ಹೂಂ ಅಂದೆ. ರಾಗಿಹಿಟ್ಟಿಗೆ ಅಷ್ಟು ಮರ್ಯಾದೆ ಯಾರು ಕೊಟ್ಟಾರು!

ಅವಳು ನನ್ನನ್ನು ತಗ್ಗು ಮಣೆಯ ಬದಲು ಒಂದು ಮೊಳ ಎತ್ತರದ ಸ್ಟೂಲಿನ ಮೇಲೆ ಕೂರಿಸಿದಳು. ಕಾಲು ಚಾಚಿ ಮುಂದಿನ ಗಿಡ್ಡ ಸ್ಟೂಲಿನ ಮೇಲೆ ಇಡಿಸಿದಳು. ಎರಡು ಕಾಲಿನ ನಡುವೆ ಮಡಿಸಿದ ಟವೆಲ್. ಅದರ ಮೇಲೆ ರಾಗಿಹಿಟ್ಟಿನ ಕೂಸು. ಬೋರಲು ಹಾಕಿದೆ, ತಿರುಗಿಸಿದೆ, ಬರಿಗೈಯಲ್ಲಿ ನೀರು ಹಾಕಿದೆ. ಸದ್ದಿಲ್ಲ. ಖುಷಿಯಲ್ಲಿ ಅದನ್ನು ಎತ್ತಿಕೊಂಡು ಏಳಲು ಹೊರಟೆ.

ಲಟಕ್.

ಅವಳು ಚೀಲವನ್ನು ನನ್ನ ಕೈಯಿಂದ ತಗೊಂಡಳು.

"ಏಳುವಾಗ ನಿಮ್ಮ ತೂಕಾನೇ ಅದಕ್ಕೆ ಹೆಚ್ಚು ಅಮ್ಮ. ಅದರ ಮೇಲೆ ಮಗು ತೂಕ ಬೇಡ. ಮಗೂನ ಎತ್ತಿಕೊಂಡು ಏಳಬೇಡಿ. ಕೂತಲ್ಲೇ ಇನ್ನೊಬ್ಬರ ಕೈಗೆ ಕೊಡಿ, ಆಮೇಲೆ ಏಳಿ."

"ಅಂದ್ರೆ ನನ್ನೊಬ್ಬಳ ಕೈಲಿ ಆಗಲ್ಲ."

"ಒಬ್ಬರೇ ಯಾಕೆ ಮಾಡಬೇಕು?"

ನನ್ನ ಅಮ್ಮ ಒಬ್ಬಳೇ ಮಾಡಿದ್ದಳು.

ಮಗಳು ಒಂಬತ್ತನೇ ತಿಂಗಳಲ್ಲಿ ಒಂದು ದಿನ ಬಂದಳು. ಅವಳು ಕೇಳದೆಯೇ ಎಲ್ಲ ತೋರಿಸಿದೆ. ಕುರ್ಚಿ, ಮೇಜು, ಸ್ಟೂಲು, ಬಚ್ಚಲಿನ ಗೋಡೆಗೆ ಮನೆಯವರು ಹಾಕಿಸಿದ್ದ ಸ್ಟೀಲಿನ ಹಿಡಿ, ನೆಲದ ರಬ್ಬರ್ ಮ್ಯಾಟು. ಬಚ್ಚಲಲ್ಲಿ ಕದ್ದು ಸದ್ದು ಬರಿಸಿದ್ದನ್ನೂ ಹೇಳಿದೆ. ಇನ್ನು ಅವಳ ಹತ್ತಿರ ಮುಚ್ಚಿಡುವುದು ಬೇಡ ಅನ್ನಿಸಿತ್ತು. ಆಮೇಲೆ ರಾಗಿಹಿಟ್ಟಿಗೆ ನೀರು ಹಾಕಿ ತೋರಿಸಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ನಾನು ಚೀಲವನ್ನು ಅವಳ ಕಡೆ ಚಾಚಿ, "ತಗೋ" ಅಂದೆ. ತಗೊಂಡಳು. ಹಿಡಿ ಹಿಡಿದು ಎದ್ದೆ. ಸದ್ದಿಲ್ಲ.

"ಅಮ್ಮಾ, ಸೊಂಟದ ಮೇಲೆ ಮಾತ್ರ ಕೂರಿಸ್ಕೋಬಾರ್ದು."

"ಇಲ್ಲ ಕಣೇ."

"ಬಾಣಂತಿ ಕೈಲಿ ಮಗು ಎತ್ತಿಸಬಾರ್ದು ಅಂತೀಯಲ್ಲ, ಮಗೂನ ಯಾರು ತಗೊಳ್ಳೋದು? ಅಪ್ಪ?"

ಹಾಲಿನಿಂದ ಮನೆಯವರು, "ನನ್ ಕೈಲಿ ಸ್ಪಾನರ್ರೇ ಜಾರುತ್ತೆ, ನನ್ನ ಸೇರಿಸ್ಬೇಡಿ" ಅಂದರು.

ಮಗಳು ನಕ್ಕಳು, ಆದರೆ ಬಾಣಂತನಕ್ಕೆ ಇಲ್ಲಿಗೇ ಬರುತ್ತೇನೆ ಎಂದು ಹೇಳದೆಯೇ ಹೋದಳು.

ಡಾಕ್ಟರು ಹೇಳಿದ ದಿನಕ್ಕಿಂತ ಹನ್ನೆರಡು ದಿನ ಮೊದಲೇ ಮಗಳಿಗೆ ಹೆರಿಗೆ ನೋವು ಬಂತು. ನಾವು ಆಸ್ಪತ್ರೆ ಸೇರುವ ಹೊತ್ತಿಗೆ ಬೆಳಿಗ್ಗೆ ಹತ್ತೂವರೆ, ಮಗು ಆಗಿತ್ತು. ಹೆಣ್ಣು! ನನ್ನ ಕೈಕಾಲು ಗಾಳಿಯಲ್ಲಿದ್ದವು. ಅಳಿಯನನ್ನು ತಬ್ಬಿಕೊಂಡೆ, ಲಿಫ್ಟಿನವನಿಗೂ ಹೇಳಿದೆ, ಹೆಣ್ಣು ಮಗು ಎಂದು. ರೂಮಿನಲ್ಲಿ ಬೀಗಿತ್ತಿಯ ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಅವರು ನನ್ನನ್ನು ನೋಡಿದರು. ಮಂಚದ ಮೇಲಿನಿಂದ ಮಗಳೂ ನೋಡಿದಳು.

ಓಡಿ ಹೋಗಿ ಕೈ ಚಾಚಬೇಕು ಅನ್ನಿಸಿತು. ಓಡಲಿಲ್ಲ. ಕುರ್ಚಿ ಎಳೆದುಕೊಂಡು, ಎರಡೂ ಪಾದ ನೆಲಕ್ಕೆ ಊರಿ ಕೂತು, ಆಮೇಲೆ ಕೈ ಚಾಚಿದೆ. ಬೀಗಿತ್ತಿ ತಂದು ಇಟ್ಟರು. ಅಷ್ಟು ಸಣ್ಣ ಮೂಗು. ರಾಗಿಹಿಟ್ಟು ಇಷ್ಟು ಬೆಚ್ಚಗಿರಲಿಲ್ಲ.

"ಅತ್ತೆ" ಅಂದಳು ಮಗಳು, ಬೀಗಿತ್ತಿಗೆ. "ನಾನು ಅಮ್ಮನ ಮನೆಗೆ ಹೋಗ್ತೀನಿ."

ಬೀಗಿತ್ತಿ ನನ್ನ ಮಡಿಲಿನ ಕೂಸಿನ ಬಟ್ಟೆ ಸರಿಮಾಡಿ, "ಹೋಗವಾ. ಆದ್ರ ಕೂಸಿಗೆ ಮೊದಲ ನೀರು ಹಾಕೋ ದಿನ ನಾನೂ ಬರಾಕಿನ. ನೋಡಬೇಕು ನಾನು" ಅಂದರು.

ಮಗಳು ಕೂಸಿನ ಜೊತೆ ನಮ್ಮ ಮನೆಗೆ ಬಂದಳು. ಹೊಕ್ಕುಳು ಬೀಳುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆವು. ಅಷ್ಟೂ ದಿನ ವ್ಯಾಯಾಮ ಬಿಡಲಿಲ್ಲ. ಆದರೆ ನಡುವೆ ಒಂದೊಂದು ಸಲ ಸದ್ದು ಬಂದು ಹೋಗುತ್ತಿತ್ತು. ನೋವಿಲ್ಲದ ಸದ್ದು ಬಂದರೆ ಹೆದರಬೇಡಿ ಎಂದು ಫಿಸಿಯೋ ಹುಡುಗಿ ಹೇಳಿದ್ದಳು. ಹೆದರಿಕೆ ನನ್ನ ಸೊಂಟದ್ದಲ್ಲ. ಆ ಸದ್ದು ಕೇಳಿದರೆ ಮಗಳ ಕಣ್ಣಿಗೆ ಮತ್ತೆ ಆ ಚೌಕಟ್ಟಿನ ಮೂಲೆ ಬರುತ್ತದೆ. ಕೂಸು ಕೆಂಗೇರಿಗೆ ಹೋಗುತ್ತದೆ.

ಮೊದಲ ನೀರು ಹಾಕುವ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬೀಗಿತ್ತಿ ಬಂದರು. ಕೈಕಾಲು ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲಿನ ಬಾಗಿಲಲ್ಲಿ ನಿಂತರು. ಅವರ ಹಿಂದೆ ಮಗಳು, ತಲೆಗೆ ಬಟ್ಟೆ ಕಟ್ಟಿಕೊಂಡು. ಅವಳ ಹಿಂದೆ ಮನೆಯವರು, ಎಲ್ಲರ ತಲೆಯ ಮೇಲಿಂದ ಇಣುಕುತ್ತಾ.

ಸ್ಟೂಲಿನ ಮೇಲೆ ಕೂತೆ. ಕಾಲು ಚಾಚಿದೆ. ನಡುವೆ ಟವೆಲ್ ಇಟ್ಟೆ. ನೀರಿಗೆ ಮೊಣಕೈ ಅದ್ದಿ ನೋಡಿದೆ. ಬೀಗಿತ್ತಿ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದರು. ಮೈಗೆ ಎಣ್ಣೆ ಸವರಿದ್ದರಿಂದ ಮೀನಿನ ಹಾಗೆ ಜಾರುತ್ತಿತ್ತು. ಕಾಲನ್ನು ಅಲ್ಲಾಡಿಸಲಿಲ್ಲ. ಅಂಗೈಯಲ್ಲಿ ನೀರು ತಗೊಂಡು ಎದೆಗೆ ಬಿಟ್ಟೆ. ಕೂಸು ಬೆಚ್ಚಿ ಕೈ ಎರಡೂ ಮೇಲೆತ್ತಿ, ಏನಿದು ಎನ್ನುವ ಹಾಗೆ ನನ್ನ ಮುಖ ನೋಡಿತು. ಎರಡನೇ ಸಲ ಬಿಟ್ಟಾಗ ಸುಮ್ಮನಾಯಿತು. ನನ್ನ ಮಗಳು ಹೀಗೇ ಸುಮ್ಮನಾಗುತ್ತಿದ್ದಳು. ಬೋರಲು ಹಾಕಿದೆ. ಬೆನ್ನು, ಕುತ್ತಿಗೆ, ಕಿವಿಯ ಹಿಂದೆ. ತಲೆಗೆ ನೀರು ಹಾಕುವಾಗ ಹಣೆಗೆ ಕೈ ಅಡ್ಡ ಹಿಡಿದೆ, ಕಣ್ಣಿಗೆ ಒಂದು ಹನಿ ಹೋಗಲಿಲ್ಲ. ಚೊಂಬಿನ ಸದ್ದು, ನೀರಿನ ಸದ್ದು ಮಾತ್ರ.

ಮುಗಿಯಿತು. ಇನ್ನು ಏಳಬೇಕು. ಏಳುವ ಮೊದಲು ಕೊಡಬೇಕು. ಮಗಳಿಗೆ ಬಗ್ಗುವುದು ಬೇಡ.

"ಬೀಗ್ರೇ" ಅಂದೆ. "ನನ್ ಕೈಲಿ ಒಬ್ಬಳೇ ಆಗಲ್ಲ. ತಗೊಳ್ಳಿ."

ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ನನ್ನ ಬಾಯಿಂದ ಆ ಮಾತು ಬರುತ್ತದೆ ಎಂದು ಅವರು ಎಣಿಸಿರಲಿಲ್ಲವೇನೋ. ಹೆಗಲ ಮೇಲಿದ್ದ ಟವೆಲ್ ಬಿಡಿಸಿ, ಎರಡೂ ಕೈ ಚಾಚಿ, ನನ್ನ ಕಾಲ ಮೇಲಿಂದ ಕೂಸನ್ನು ಎತ್ತಿ ಎದೆಗೆ ಅವಚಿಕೊಂಡರು.

ಗೋಡೆಯ ಹಿಡಿ ಹಿಡಿದೆ. ಎರಡೂ ಪಾದ ಸಮವಾಗಿ ಊರಿದೆ. ಮನೆಯವರು ಒಂದು ಕಿವಿ ಮುಂದೆ ಮಾಡಿದ್ದು ನನಗೆ ಕಾಣಿಸಿತು, ಇಂಜಿನ್ನಿಗೆ ಕಿವಿ ಕೊಟ್ಟ ಹಾಗೆ. ಸೊಂಟ ನೆಟ್ಟಗಿಟ್ಟುಕೊಂಡು, ನಿಧಾನವಾಗಿ ಎದ್ದೆ. ಎದ್ದು ನಿಂತೆ. ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ.

ಏನೂ ಇಲ್ಲ.

"ನಾಳೇನೂ ಇಷ್ಟೊತ್ತಿಗೇ ಹಾಕ್ತೀಯಾ ಅಮ್ಮಾ?" ಅಂದಳು ಮಗಳು, ಒದ್ದೆಯಾದ ಚೊಂಬನ್ನು ನನ್ನ ಕೈಯಿಂದ ತಗೊಳ್ಳುತ್ತಾ. ಅವಳ ಕಣ್ಣು ನನ್ನ ಮುಖದ ಮೇಲಿತ್ತು, ಕಾಲಿನ ಮೇಲಲ್ಲ.

"ಹಾಕ್ತಾಳ ಬಿಡು" ಅಂದರು ಬೀಗಿತ್ತಿ. ಇಷ್ಟು ದಿನ ನನಗೆ ಹಾಕುತ್ತಿದ್ದ ಬಹುವಚನ ಅವತ್ತು ಬಿಟ್ಟರು, ತಂಗಿಯ ಹಾಗೆ. "ಇಳಿಸಿಕೊಳ್ಳಾಕ ನಾನು ಇರ್ತೀನಿ. ಮೂರು ತಿಂಗಳು ಇಲ್ಲೇ ಇರ್ತೀನಿ ನಾನು. ನನಗೂ ಒಂದು ಹಾಸಿಗಿ ಹಾಕ್ರಿ."

ಕೂಸನ್ನು ಒರೆಸಿ ಹಾಲಿನ ಚಾಪೆಯ ಮೇಲೆ ಮಲಗಿಸಿದ ಮೇಲೆ ಅವರು ಅದರ ಮುಖವನ್ನು ನೋಡಿ, ನನ್ನ ಮುಖವನ್ನೂ ನೋಡಿ, "ಎಷ್ಟು ಮಂದಿ ಕಣ್ಣು ಬಿತ್ತೋ" ಅಂದರು. ಎರಡೂ ಕೈಯಿಂದ ಕೂಸಿನ ಕೆನ್ನೆ ಸವರಿ, ತಮ್ಮ ತಲೆಯ ಎರಡೂ ಪಕ್ಕಕ್ಕೆ ಬೆರಳು ಒತ್ತಿದರು. ಹತ್ತಕ್ಕೆ ಹತ್ತೂ ಬೆರಳು ಪಟಪಟ ಎಂದವು. ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಮುರಿದ ನೆಟಿಕೆ ಅದೊಂದೇ.